ಹೆಸರಾಗುವ ಮುಂಚೆ ಬೆಳಗಾವಿಗೆ ಬಂದ ಅತಿಥಿ

ಖಾನಾಪುರದಿಂದ ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಮೂರು ವರ್ಷದಿಂದ ದಿನಾ ಬಸ್ಸೋ ರೈಲೋ ಹಿಡಿದು ಈ ದಾರಿಯಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದೇನೆ. ಹೊರಗಿನವರು ನಮ್ಮ ಬೆಳಗಾವಿಯನ್ನು ನೋಡಲೆಂದೇ ಬರುತ್ತಾರೆ. ಕೋಟೆಯೊಳಗಿನ ಕಮಲ ಬಸದಿ ನೋಡುತ್ತಾರೆ, ಕುಂದಾ ಕಟ್ಟಿಸಿಕೊಳ್ಳುತ್ತಾರೆ, ಮಳೆಗಾಲವಾದರೆ ನಮ್ಮ ಖಾನಾಪುರದ ಕಾಡು, ಹಲಸಿಯ ಗುಡಿ ಎಂದು ಸುತ್ತುತ್ತಾರೆ. ನನಗೆ ಮಾತ್ರ ಬೆಳಗಾವಿ ಎಂದರೆ ಬಸ್ ಪಾಸು, ಇಂಟರ್ನಲ್ಸು, ಸಂಜೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆ, ಇಷ್ಟೇ. ಕೇಂದ್ರ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಕೋಟೆ. ಆದರೂ ಎರಡು ವರ್ಷ ಅದರೊಳಗೆ ಕಾಲಿಟ್ಟಿರಲಿಲ್ಲ.

ಕಾಲಿಟ್ಟ ದಿನವೂ ನೋಡುವ ಆಸೆಯಿಂದ ಹೋಗಿರಲಿಲ್ಲ. ಮನೆಗೆ ಹೋಗುವ ಧೈರ್ಯ ಇರಲಿಲ್ಲ, ಅದಕ್ಕೆ ಹೋದೆ.

ಆವತ್ತು ಒಂದು ಕಂಪನಿಯವರು ಇಂಟರ್ನ್‌ಶಿಪ್‌ಗೆ ಹುಡುಗರನ್ನು ಆರಿಸಲು ಬಂದಿದ್ದರು. ಫಾರಂನಲ್ಲಿ ಬ್ಯಾಕ್‌ಲಾಗ್ ಎಷ್ಟು ಎಂಬ ಕಾಲಂ ಇತ್ತು. ಮೂರು ಎಂದು ಬರೆದೆ. ಹತ್ತು ನಿಮಿಷದಲ್ಲಿ ಹಾಲ್‌ನ ಹೊರಗಿದ್ದೆ. ಪರೀಕ್ಷೆ ಬರೆಯಲೂ ಬಿಡಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಮೂರು ವಿಷಯ ಉಳಿದಿವೆ ಎಂದು ಮನೆಯಲ್ಲಿ ನಾನು ಹೇಳಿಯೇ ಇರಲಿಲ್ಲ. ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಕಂಪನಿ ಬರುತ್ತದೆ ಎಂದು ಕೇಳಿ ಹಿಂದಿನ ರಾತ್ರಿ ನನ್ನ ಅಂಗಿಗೆ ತಾವೇ ಇಸ್ತ್ರಿ ಮಾಡಿದ್ದರು.

ಬಸ್ ನಿಲ್ದಾಣಕ್ಕೆ ಬಂದವನು ಖಾನಾಪುರದ ಬಸ್ಸು ಹತ್ತಲಿಲ್ಲ. ಸುಮ್ಮನೆ ಕೋಟೆಯ ಕಡೆ ನಡೆದೆ. ಕಮಲ ಬಸದಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಬಸದಿ ಅದು. ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಕಲ್ಲಿನ ಕಮಲ. ಅಲ್ಲಿಂದ ಮುಂದೆ ನಡೆದಾಗ ರಾಮಕೃಷ್ಣ ಮಿಷನ್ ಆಶ್ರಮ ಸಿಕ್ಕಿತು. ಸ್ವಾಮಿ ವಿವೇಕಾನಂದರು ಉಳಿದುಕೊಂಡಿದ್ದ ಮನೆ ಅಲ್ಲಿದೆ ಎಂದು ಗೊತ್ತಾಯಿತು. ಒಳಗೆ ತಂಪಾಗಿತ್ತು, ಯಾರೂ ಏನೂ ಕೇಳಲಿಲ್ಲ, ಹಾಗಾಗಿ ಒಳಗೆ ಹೋದೆ. ನಿಜ ಹೇಳಬೇಕೆಂದರೆ ಕಾರಣ ಅಷ್ಟೇ.

ವಿವೇಕಾನಂದರು ನಮಗೆಲ್ಲ ಗೊತ್ತಿರುವುದು ಪೋಸ್ಟರ್‌ನಲ್ಲಿ. ಕೈಕಟ್ಟಿ ನಿಂತ ಭಂಗಿ, ಕೆಳಗೆ ಒಂದು ಗಟ್ಟಿ ಮಾತು. ಹೈಸ್ಕೂಲಿನಿಂದ ಎಂಜಿನಿಯರಿಂಗ್‌ವರೆಗೆ ಎಲ್ಲ ಗೋಡೆಯಲ್ಲೂ ಅದೇ. ಅವರು ಹುಟ್ಟುವಾಗಲೇ ಹಾಗೆ ಕೈಕಟ್ಟಿ ನಿಂತಿದ್ದರೇನೋ ಅನ್ನಿಸುತ್ತಿತ್ತು. ಆವತ್ತು ನನ್ನ ಕಣ್ಣು ನಿಂತದ್ದು ಒಂದು ಇಸವಿಯ ಮೇಲೆ. ಅವರು ಬೆಳಗಾವಿಗೆ ಬಂದದ್ದು 1892ರ ಅಕ್ಟೋಬರಿನಲ್ಲಿ. ಚಿಕಾಗೋ ಭಾಷಣ ಆದದ್ದು 1893ರ ಸೆಪ್ಟೆಂಬರ್ 11ಕ್ಕೆ. ಅಂದರೆ ನಮ್ಮೂರಿಗೆ ಬಂದಾಗ ಅವರು ಯಾರಿಗೂ ಗೊತ್ತಿಲ್ಲದ ಇಪ್ಪತ್ತೊಂಬತ್ತರ ಒಬ್ಬ ಯುವಕ. ಆಗ ಅವರಿಗೆ ವಿವೇಕಾನಂದ ಎಂಬ ಹೆಸರೂ ಗಟ್ಟಿಯಾಗಿರಲಿಲ್ಲ, ತಿರುಗಾಟದಲ್ಲಿ ಬೇರೆ ಬೇರೆ ಹೆಸರು ಹೇಳಿಕೊಳ್ಳುತ್ತಿದ್ದರು. ಪೋಸ್ಟರ್‌ಗೆ ಮುಂಚಿನ ಆ ಮನುಷ್ಯ ಹೇಗಿದ್ದ ಎಂದು ತಿಳಿಯುವ ಕುತೂಹಲ ಹುಟ್ಟಿತು. ಆಮೇಲಿನ ವಾರಗಳಲ್ಲಿ ಅವರ ಜೀವನಚರಿತ್ರೆಯನ್ನೂ, ಬೆಳಗಾವಿಯಲ್ಲಿ ಅವರನ್ನು ಕಂಡವರು ಬರೆದಿಟ್ಟ ನೆನಪುಗಳನ್ನೂ ಹುಡುಕಿ ಓದಿದೆ.

ನರೇಂದ್ರನಾಥ ದತ್ತ ಹುಟ್ಟಿದ್ದು 1863ರ ಜನವರಿ 12ರಂದು, ಕಲ್ಕತ್ತೆಯಲ್ಲಿ. ತಂದೆ ವಿಶ್ವನಾಥ ದತ್ತರು ಹೈಕೋರ್ಟಿನ ವಕೀಲರು, ತಾಯಿ ಭುವನೇಶ್ವರಿ ದೇವಿ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಹುಡುಗನಿಗೆ ಕುಸ್ತಿ, ಸಂಗೀತ, ಓದು ಎಲ್ಲದರಲ್ಲೂ ಆಸಕ್ತಿ. ಚೆನ್ನಾಗಿ ಹಾಡುತ್ತಿದ್ದರು. ಕಾಲೇಜಿನಲ್ಲಿ ಪಾಶ್ಚಾತ್ಯ ತತ್ತ್ವಶಾಸ್ತ್ರ ಓದಿ, ದೇವರಿದ್ದಾನೆಯೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಾ ತಿರುಗಿದರು. ಆ ಪ್ರಶ್ನೆಯೇ ಅವರನ್ನು ದಕ್ಷಿಣೇಶ್ವರದ ರಾಮಕೃಷ್ಣ ಪರಮಹಂಸರ ಬಳಿ ಒಯ್ದಿತು. ಇಷ್ಟು ಎಲ್ಲರಿಗೂ ಗೊತ್ತು.

ನನಗೆ ಗೊತ್ತಿರದೇ ಇದ್ದದ್ದು 1884ರ ಕಥೆ. ಆ ವರ್ಷ ಅವರು ಬಿಎ ಪರೀಕ್ಷೆ ಬರೆದರು. ಅದೇ ವರ್ಷ ಫೆಬ್ರುವರಿಯಲ್ಲಿ ತಂದೆ ಹಠಾತ್ತನೆ ತೀರಿಕೊಂಡರು. ಗಳಿಕೆಗಿಂತ ಖರ್ಚು ಹೆಚ್ಚು ಮಾಡಿದ್ದ ಮನೆ, ನೋಡಿದರೆ ಸಾಲ. ಬಂಧುಗಳು ಆಸ್ತಿಗಾಗಿ ಕೋರ್ಟಿಗೆ ಎಳೆದರು. ತಾಯಿ, ತಮ್ಮಂದಿರು, ತಂಗಿಯರ ಹೊಟ್ಟೆ ತುಂಬಿಸುವ ಹೊಣೆ ಇಪ್ಪತ್ತೊಂದರ ಹುಡುಗನ ಮೇಲೆ ಬಿತ್ತು. ಅರ್ಜಿ ಹಿಡಿದು, ಬರಿಗಾಲಲ್ಲಿ, ಉರಿಬಿಸಿಲಲ್ಲಿ ಕಲ್ಕತ್ತೆಯ ಆಫೀಸುಗಳನ್ನು ಸುತ್ತಿದರು. ಎಲ್ಲ ಕಡೆ ಇಲ್ಲ ಎಂದೇ ಉತ್ತರ. ಚೆನ್ನಾಗಿದ್ದಾಗ ಜೊತೆಗಿದ್ದ ಕೆಲವು ಗೆಳೆಯರು ದೂರ ಸರಿದರು. ಮನೆಯಲ್ಲಿ ಊಟ ಎಲ್ಲರಿಗೂ ಸಾಲದು ಎಂದು ಗೊತ್ತಾದ ದಿನ, ತನಗೆ ಬೇರೆ ಕಡೆ ಊಟಕ್ಕೆ ಕರೆದಿದ್ದಾರೆ ಎಂದು ತಾಯಿಗೆ ಸುಳ್ಳು ಹೇಳಿ ಹೊರಗೆ ಹೋಗಿ ಉಪವಾಸ ಇರುತ್ತಿದ್ದರು. ವಕೀಲರ ಕಚೇರಿಯಲ್ಲಿ ಸ್ವಲ್ಪ ದಿನ, ಪುಸ್ತಕ ಅನುವಾದ ಮಾಡಿ ಸ್ವಲ್ಪ ದಿನ, ಶಾಲೆಯೊಂದರಲ್ಲಿ ಮೇಷ್ಟರಾಗಿ ಸ್ವಲ್ಪ ದಿನ ಕಳೆದರು. ಯಾವ ಕೆಲಸವೂ ನಿಲ್ಲಲಿಲ್ಲ.

ಈ ಭಾಗವನ್ನು ನಾನು ಎರಡು ಸಲ ಓದಿದೆ. ಪೋಸ್ಟರ್‌ನಲ್ಲಿರುವವರು ಒಂದು ಕಾಲಕ್ಕೆ ಕೆಲಸ ಸಿಗದ ಪದವೀಧರ ಆಗಿದ್ದರು ಎಂದು ನಮಗೆ ಯಾರೂ ಒತ್ತಿ ಹೇಳುವುದಿಲ್ಲ. ಸಂಕಟ ತಾಳಲಾರದೆ ಅವರು ಗುರುವಿನ ಬಳಿ ಹೋಗಿ ಮನೆಯ ಕಷ್ಟ ಹೇಳಿಕೊಂಡರು. ಕಾಳಿಯ ಗುಡಿಗೆ ಹೋಗಿ ತಾನೇ ಬೇಡಿಕೊ ಎಂದು ಗುರು ಕಳಿಸಿದರು. ಮೂರು ಸಲ ಒಳಗೆ ಹೋದರು. ಮೂರು ಸಲವೂ ಹಣ ಕೇಳಲು ಬಾಯಿ ಬರಲಿಲ್ಲ, ವಿವೇಕ ವೈರಾಗ್ಯ ಕೇಳಿ ಹೊರಬಂದರು. 1886ರ ಆಗಸ್ಟ್ 16ರಂದು ರಾಮಕೃಷ್ಣರು ತೀರಿಕೊಂಡರು. ಬಾರಾನಗರದ ಹಳೆಯ ಮನೆಯೊಂದರಲ್ಲಿ ಕೆಲವು ಯುವಕರು ಸೇರಿ ಸನ್ಯಾಸಿಗಳಾದರು. ಕೆಲ ವರ್ಷದ ಮೇಲೆ ನರೇಂದ್ರ ದೇಶ ನೋಡಲು ಒಬ್ಬರೇ ಹೊರಟರು. ರಾಜಸ್ಥಾನ, ಗುಜರಾತ್, ಮುಂಬೈ, ಪುಣೆ, ಕೊಲ್ಹಾಪುರ ದಾಟಿ ಬೆಳಗಾವಿಗೆ ಬಂದರು.

ಬಂದಾಗ ಅವರ ಕೈಯಲ್ಲಿ ಕೊಲ್ಹಾಪುರದವರು ಕೊಟ್ಟ ಒಂದು ಪರಿಚಯ ಪತ್ರ ಇತ್ತು. ಅದನ್ನು ಹಿಡಿದು ಹೋದದ್ದು ಭಾಟೆ ಎಂಬ ಮರಾಠಿ ವಕೀಲರ ಮನೆಗೆ. ರಿಸಾಲದಾರ್ ಗಲ್ಲಿಯ ಆ ಮನೆ ಈಗ ಸ್ಮಾರಕ. ಆ ಮನೆಯ ಹುಡುಗ ಮುಂದೆ ಪ್ರಾಧ್ಯಾಪಕನಾಗಿ ಆ ದಿನಗಳ ನೆನಪು ಬರೆದಿಟ್ಟ. ಅದನ್ನು ಓದುವಾಗ ನಗು ತಡೆಯಲಾಗುವುದಿಲ್ಲ. ಬಂದ ಅತಿಥಿ ಮಾಮೂಲಿ ಸನ್ಯಾಸಿಯ ಹಾಗೆ ಇರಲೇ ಇಲ್ಲವಂತೆ. ಕಾವಿಯ ಜೊತೆ ಬನಿಯನ್ ಹಾಕಿದ್ದರು. ದಂಡದ ಬದಲು ಉದ್ದನೆಯ ಕೋಲು. ಮಾತು ಇಂಗ್ಲಿಷಿನಲ್ಲಿ. ಮೊದಲ ದಿನ ಊಟವಾದ ಮೇಲೆ ಎಲೆ ಅಡಿಕೆ ಕೇಳಿದರು. ಆಮೇಲೆ ತಂಬಾಕೂ ಬೇಕೆಂದರು! ಸಂಪ್ರದಾಯಸ್ಥ ಬ್ರಾಹ್ಮಣರ ಮನೆ, ಸನ್ಯಾಸಿ ತಂಬಾಕು ಜಗಿಯುವುದನ್ನು ನೋಡಿ ಎಲ್ಲರೂ ದಂಗಾದರು. ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳಿದಾಗ, ತಾನು ಪರಮಹಂಸರ ಪಂಥದವನು, ಯಾರು ಏನು ಕೊಟ್ಟರೂ ತಿನ್ನುತ್ತೇನೆ, ಏನೂ ಸಿಗದಿದ್ದರೆ ಉಪವಾಸ ಇರುತ್ತೇನೆ ಎಂಬ ಅರ್ಥದ ಉತ್ತರ ಬಂತು. ಬೇರೆ ಜಾತಿ, ಬೇರೆ ಧರ್ಮದವರ ಮನೆಯ ಊಟಕ್ಕೂ ಅವರ ಅಡ್ಡಿ ಇರಲಿಲ್ಲ. 1892ರಲ್ಲಿ ಇದು ಸಣ್ಣ ಮಾತಲ್ಲ.

ಭಾಟೆಯವರ ಮಗ ಆಗ ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡುತ್ತಿದ್ದ. ಕಷ್ಟಪಟ್ಟು ಕಲಿತ ಭಾಗವನ್ನು ಅತಿಥಿಯ ಮುಂದೆ ಹೇಳುವಾಗ ತಪ್ಪಿದ. ಅತಿಥಿ ನಗುನಗುತ್ತಲೇ ತಿದ್ದಿದರು. ಮುಂದೆ ಇನ್ನೊಂದು ಸಲ ಅಮರಕೋಶ ಹೇಳು ಎಂದಾಗ ಹುಡುಗ ತನಗೆ ಬರುವುದಿಲ್ಲ ಎಂದು ಕೈಚೆಲ್ಲಿದ. ಅಪ್ಪನಿಗೆ ಸಿಟ್ಟು ಬಂತು. ಆದರೂ ಮತ್ತೆ ಸಿಕ್ಕಿಬೀಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸಿತಂತೆ ಅವನಿಗೆ. ವೈವಾದಲ್ಲಿ ಎಕ್ಸ್‌ಟರ್ನಲ್ ಮುಂದೆ ಕುಳಿತ ನಮ್ಮ ಪರಿಸ್ಥಿತಿ ಇದಕ್ಕಿಂತ ಬೇರೆ ಏನಿದೆ?

ಸುದ್ದಿ ಹರಡಿ ದಿನಾ ಜನ ಸೇರತೊಡಗಿದರು. ಅವರಲ್ಲಿ ಒಬ್ಬರು ಎಕ್ಸಿಕ್ಯೂಟಿವ್ ಎಂಜಿನಿಯರ್. ಊರಿನಲ್ಲೇ ಹೆಚ್ಚು ತಿಳಿದವರೆಂದು ಅವರಿಗೆ ಹೆಸರು. ಹೊರಗೆ ಆಚಾರವಂತರು, ಒಳಗೆ ವಿಜ್ಞಾನ ಬಿಟ್ಟು ಬೇರೆ ಯಾವುದರಲ್ಲೂ ನಂಬಿಕೆ ಇಲ್ಲದವರು. ವಾದದಲ್ಲಿ ಸೋಲುತ್ತಿದ್ದೇನೆ ಎಂದು ತಿಳಿದಾಗ ದನಿ ಏರಿಸಿ ಒರಟಾಗಿ ಮಾತಾಡಿದರು. ಮನೆಯ ಯಜಮಾನರಿಗೆ ಬೇಸರವಾಯಿತು. ಸ್ವಾಮಿಗಳು ಮಾತ್ರ ನಕ್ಕು ಅವರನ್ನು ಸಮಾಧಾನ ಮಾಡಿದರು. ಕುದುರೆ ಪಳಗಿಸುವವನು ಮರಿಕುದುರೆಯ ಬೆನ್ನ ಮೇಲೆ ಗಟ್ಟಿಯಾಗಿ ಕೂರುವುದನ್ನಷ್ಟೇ ಮೊದಲು ನೋಡುತ್ತಾನೆ, ಹೊಡೆಯುವುದಿಲ್ಲ. ಅದು ಕುಣಿದು ಕುಣಿದು ಸುಸ್ತಾದ ಮೇಲೆ ಅವನ ನಿಜವಾದ ಕೆಲಸ ಶುರುವಾಗುತ್ತದೆ ಎಂದು ವಿವರಿಸಿದರಂತೆ. ಎಂಜಿನಿಯರಿಂಗ್ ಓದುವವನಾಗಿ ನನಗೆ ಆ ಎಂಜಿನಿಯರ್ ಮೇಲೆ ಸ್ವಲ್ಪ ಕನಿಕರ ಬಂತು. ನಾನೂ ವಾದಕ್ಕಿಳಿದರೆ ಹಾಗೇ.

ಬೆಳಗಾವಿಯಲ್ಲಿ ಆಗ ಹರಿಪದ ಮಿತ್ರ ಎಂಬ ಬಂಗಾಳಿ ಅರಣ್ಯ ಅಧಿಕಾರಿ ಇದ್ದರು. ಅಕ್ಟೋಬರ್ 18ರ ಸಂಜೆ ವಕೀಲರು ಈ ಯುವ ಸನ್ಯಾಸಿಯನ್ನು ಅವರ ಮನೆಗೆ ಕರೆದುಕೊಂಡು ಹೋದರು. ಮಿತ್ರರಿಗೆ ಸನ್ಯಾಸಿಗಳ ಮೇಲೆ ನಂಬಿಕೆ ಕಡಿಮೆ, ಏನೋ ಬೇಡಲು ಬಂದಿರಬೇಕು ಎಂದೇ ಎಣಿಸಿದರು. ಮಾತಾಡುತ್ತಾ ಹೋದ ಹಾಗೆ ಅಭಿಪ್ರಾಯ ಬದಲಾಯಿತು. ತಮ್ಮ ಮನೆಗೆ ಬಂದು ಇರಿ ಎಂದು ಕರೆದರು. ಬಂಗಾಳಿಯೊಬ್ಬ ಸಿಕ್ಕನೆಂದು ಕೂಡಲೇ ಹೊರಟುಬಿಟ್ಟರೆ ಆಶ್ರಯ ಕೊಟ್ಟ ವಕೀಲರಿಗೆ ನೋವಾಗುತ್ತದೆ ಎಂದು ಅತಿಥಿ ಒಪ್ಪಲಿಲ್ಲ. ಮರುದಿನ ಮಿತ್ರರೇ ಹೋಗಿ ಒತ್ತಾಯ ಮಾಡಿ ಕರೆತಂದರು. ಒಟ್ಟು ಸಾಮಾನು ಎಂದರೆ ಒಂದು ಕಮಂಡಲು, ಕಾವಿ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ. ಆಗ ಅವರು ಓದುತ್ತಿದ್ದ ವಿಷಯ ಫ್ರೆಂಚ್ ಸಂಗೀತ!

ಕೋಟೆಯ ಆ ಮನೆಯಲ್ಲಿ ಅವರು ಒಂಬತ್ತು ದಿನ ಇದ್ದರು. ಮಿತ್ರರು ಬರೆದ ನೆನಪಿನಲ್ಲಿ ನನಗೆ ಮೂರು ಸಂಗತಿ ನಾಟಿದವು.

ಒಂದು, ಓದು. ಒಂದು ಮಧ್ಯಾಹ್ನ ಅತಿಥಿ ಒಬ್ಬರೇ ಪುಸ್ತಕ ಹಿಡಿದು ಜೋರಾಗಿ ನಕ್ಕರು. ಏನಾಯಿತೆಂದು ಮಿತ್ರರು ಬಾಗಿಲಿಗೆ ಬಂದು ನಿಂತರು. ಹದಿನೈದು ನಿಮಿಷ ನಿಂತರೂ ಅವರಿಗೆ ಗೊತ್ತಾಗಲಿಲ್ಲ, ಅಷ್ಟು ಮುಳುಗಿದ್ದರು. ಇನ್ನೊಂದು ದಿನ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಿಂದ ಎರಡು ಮೂರು ಪುಟ ನೆನಪಿನಿಂದಲೇ ಹೇಳಿದರು. ಎಷ್ಟು ಸಲ ಓದಿದ್ದೀರಿ ಎಂದರೆ ಎರಡೇ ಸಲ, ಶಾಲೆಯಲ್ಲಿದ್ದಾಗ ಒಮ್ಮೆ, ಕೆಲವು ತಿಂಗಳ ಹಿಂದೆ ಒಮ್ಮೆ ಎಂಬ ಉತ್ತರ ಬಂತು. ಮನಸ್ಸನ್ನು ಒಂದು ಕಡೆ ನಿಲ್ಲಿಸುವುದರಿಂದ ಇದು ಸಾಧ್ಯ ಎಂದರು. ನಾನು ಹದಿನೈದು ನಿಮಿಷದಲ್ಲಿ ಎಷ್ಟು ಸಲ ಮೊಬೈಲ್ ನೋಡುತ್ತೇನೆ ಎಂದು ಲೆಕ್ಕ ಹಾಕಿದೆ. ಆ ಸಂಖ್ಯೆ ಇಲ್ಲಿ ಬರೆಯಲು ನಾಚಿಕೆ.

ಎರಡು, ಔಷಧ. ಮಿತ್ರರಿಗೆ ಸದಾ ಏನಾದರೂ ಕಾಯಿಲೆ, ಸದಾ ಏನಾದರೂ ಔಷಧ. ಹಾಸಿಗೆ ಹಿಡಿಸುವಂಥ ರೋಗ ಬಂದಾಗ ಔಷಧ ತೆಗೆದುಕೊಳ್ಳಿ, ಉಳಿದದ್ದರಲ್ಲಿ ಬಹುಪಾಲು ಮನಸ್ಸಿನ ಕಲ್ಪನೆ ಎಂದು ಅತಿಥಿ ತಿಳಿಹೇಳಿದರು.

ಮೂರನೆಯದು, ನೌಕರಿ. ಇದು ಕೆಲಸ ಹುಡುಕುವ ನಾವೆಲ್ಲ ಕೇಳಬೇಕಾದ್ದು. ಮಿತ್ರರದು ಒಳ್ಳೆಯ ಸರ್ಕಾರಿ ಕೆಲಸ, ಒಳ್ಳೆಯ ಸಂಬಳ. ಆದರೂ ಸುಖ ಇರಲಿಲ್ಲ. ಮೇಲಧಿಕಾರಿ ಒಂದು ಬಿರುಸು ಮಾತಾಡಿದರೆ ಮೈಯೆಲ್ಲ ಉರಿ. ಇದನ್ನು ಅತಿಥಿಯ ಬಳಿ ಹೇಳಿಕೊಂಡರು. ಹಣಕ್ಕಾಗಿ ಕೆಲಸಕ್ಕೆ ಸೇರಿದ್ದೀರಿ, ಹಣ ಸಿಗುತ್ತಿದೆ, ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು, ಯಾರೂ ಕಟ್ಟಿಹಾಕಿಲ್ಲ, ಮತ್ತೆ ಕಟ್ಟಿಹಾಕಿದ ಹಾಗೆ ಯಾಕೆ ಕೊರಗುತ್ತೀರಿ ಎಂದು ಕೇಳಿದರು. ನಾವು ಮನಸ್ಸಿನಲ್ಲಿ ಇನ್ನೊಬ್ಬರನ್ನು ಹೇಗೆ ಕಾಣುತ್ತೇವೋ ಅವರೂ ನಮ್ಮನ್ನು ಹಾಗೆಯೇ ಕಾಣುತ್ತಾರೆ ಎಂಬುದನ್ನೂ ಸೇರಿಸಿದರು. ಅಂದಿನಿಂದ ಮಿತ್ರರು ಬೇರೆಯವರ ತಪ್ಪು ಹುಡುಕುವುದು ಬಿಟ್ಟರು, ಬದುಕೇ ಹಗುರವಾಯಿತು ಎಂದು ಬರೆದಿದ್ದಾರೆ. ಈ ದೃಶ್ಯವನ್ನು ಸ್ವಲ್ಪ ಯೋಚಿಸಿ ನೋಡಿ. ಕೆಲಸ ಇದ್ದವರು ಸಂಕಟ ಹೇಳಿಕೊಳ್ಳುತ್ತಿದ್ದಾರೆ. ಸಮಾಧಾನ ಮಾಡುತ್ತಿರುವವರು ಎಂಟು ವರ್ಷದ ಹಿಂದೆ ಬರಿಗಾಲಲ್ಲಿ ಕೆಲಸ ಹುಡುಕಿ ಸೋತವರು, ಈಗಲೂ ಕೈಯಲ್ಲಿ ಕಾಸಿಲ್ಲದವರು.

ಮಿತ್ರರೂ ಅವರ ಹೆಂಡತಿ ಇಂದುಮತಿಯವರೂ ಅವರಿಂದ ದೀಕ್ಷೆ ತೆಗೆದುಕೊಂಡರು. ಒಪ್ಪದೇ ಇದ್ದವರನ್ನು ಬಲವಂತ ಮಾಡಿ ಫೋಟೋ ತೆಗೆಸಿದರು. ಬೆಳಗಾವಿಯ ಎಸ್. ಮಹಾದೇವ್ ಅಂಡ್ ಸನ್ ಸ್ಟುಡಿಯೋದ ಆ ಚಿತ್ರಗಳು ಇಂದಿಗೂ ಉಳಿದಿವೆ. ಅಮೆರಿಕದ ಧರ್ಮ ಸಮ್ಮೇಳನಕ್ಕೆ ಹೋಗುವ ಆಸೆಯನ್ನೂ ಅತಿಥಿ ಈ ಮನೆಯಲ್ಲಿ ಹೇಳಿದ್ದರು. ಕೂಡಲೇ ಚಂದಾ ಎತ್ತುತ್ತೇನೆ ಎಂದು ಮಿತ್ರರು ಮುಂದೆ ಬಂದಾಗ ಬೇಡವೆಂದರು.

ಅಕ್ಟೋಬರ್ 27ಕ್ಕೆ ಹೊರಟರು. ಮಿತ್ರರು ಮಾರ್ಮಗೋವಾಕ್ಕೆ ಟಿಕೆಟ್ ತೆಗೆಸಿ ರೈಲು ಹತ್ತಿಸಿದರು. ಆ ರೈಲುದಾರಿ ಯಾವುದು ಗೊತ್ತೆ? ಬೆಳಗಾವಿ, ದೇಸೂರು, ಖಾನಾಪುರ, ಲೋಂಡಾ, ಕ್ಯಾಸಲ್ ರಾಕ್, ದೂಧ್‌ಸಾಗರ್. ನಾನು ದಿನಾ ಓಡಾಡುವ ದಾರಿ. ಆಗ ಮೀಟರ್ ಗೇಜ್, ಈಗ ಬ್ರಾಡ್ ಗೇಜ್, ಅಷ್ಟೇ ವ್ಯತ್ಯಾಸ. ಅವರೂ ನಮ್ಮ ಮಲಪ್ರಭೆಯನ್ನು ದಾಟಿಯೇ ಹೋಗಿದ್ದಾರೆ.

ಮುಂದಿನದು ಬೇಗ ಬೇಗ ನಡೆಯಿತು. ಗೋವಾದ ರಾಚೋಲ್ ಸೆಮಿನರಿಯಲ್ಲಿ ಕ್ರೈಸ್ತ ಧರ್ಮದ ಗ್ರಂಥಗಳನ್ನು ಓದಿದರು. ಬೆಂಗಳೂರು, ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾದರು. ಡಿಸೆಂಬರಿನಲ್ಲಿ ಕನ್ಯಾಕುಮಾರಿ ಮುಟ್ಟಿದರು. 1893ರ ಮೇ 31ರಂದು ಮುಂಬೈಯಿಂದ ಹಡಗು ಹತ್ತಿದರು. ಅಮೆರಿಕದಲ್ಲೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಸಮ್ಮೇಳನಕ್ಕೆ ಬೇಕಾದ ಪರಿಚಯ ಪತ್ರವೇ ಅವರ ಬಳಿ ಇರಲಿಲ್ಲ, ಕೈಯಲ್ಲಿನ ಹಣ ಕರಗುತ್ತಿತ್ತು. ಹಾರ್ವರ್ಡ್‌ನ ಪ್ರೊಫೆಸರ್ ರೈಟ್ ಪತ್ರ ಬರೆದುಕೊಟ್ಟರು. ಚಿಕಾಗೋದಲ್ಲಿ ವಿಳಾಸ ಕಳೆದುಕೊಂಡು ರಾತ್ರಿ ರೈಲ್ವೆ ಯಾರ್ಡಿನಲ್ಲಿ ಕಳೆದರು. ಮರುದಿನ ದಣಿದು ರಸ್ತೆ ಬದಿ ಕುಳಿತಿದ್ದವರನ್ನು ಹೇಲ್ ಎಂಬ ತಾಯಿ ಮನೆಗೆ ಕರೆದರು. ಅದಾದ ಮೇಲೆಯೇ ನಮಗೆ ಗೊತ್ತಿರುವ ಸೆಪ್ಟೆಂಬರ್ 11. ಅಷ್ಟು ದೊಡ್ಡ ಹೆಸರು ಬಂದ ಮೇಲೂ ಆ ಡಿಸೆಂಬರಿನಲ್ಲಿ ಚಿಕಾಗೋದಿಂದ ಹರಿಪದ ಮಿತ್ರರಿಗೆ ಪತ್ರ ಬರೆದರು. 1897ರಲ್ಲಿ ದೇಶಕ್ಕೆ ಮರಳಿ ರಾಮಕೃಷ್ಣ ಮಿಷನ್ ಕಟ್ಟಿದರು. 1902ರ ಜುಲೈ 4ರಂದು, ಬೇಲೂರು ಮಠದಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೆ ಹೋಗಿಬಿಟ್ಟರು.

ನಾನು ಇದನ್ನೆಲ್ಲ ಓದಿದ್ದು ಆಮೇಲೆ. ಆ ದಿನ ಆಶ್ರಮದಲ್ಲಿ ಕುಳಿತಾಗ ನನಗೆ ಹೊಳೆದದ್ದು ಒಂದೇ. ಈ ಮನೆಗೆ ಬಂದವರು ಹೆಸರು ಗಳಿಸಿ ಬಂದಿರಲಿಲ್ಲ. ಹಾಗೆಂದು ಏನೂ ಮುಚ್ಚಿಡಲೂ ಇಲ್ಲ. ತಂಬಾಕು ಬೇಕಾದಾಗ ಬೇಕು ಎಂದರು, ಹಣ ಇಲ್ಲದಿದ್ದಾಗ ಇಲ್ಲ ಎಂದರು. ನಾನು ಮಾತ್ರ ಮೂರು ಬ್ಯಾಕ್‌ಲಾಗನ್ನು ಒಂದು ವರ್ಷದಿಂದ ಬಚ್ಚಿಟ್ಟು, ಅದರ ಭಾರಕ್ಕೇ ಓದಲಾಗದೆ ಕುಳಿತಿದ್ದೆ.

ಸಂಜೆಯ ರೈಲಿಗೆ ಖಾನಾಪುರಕ್ಕೆ ಹೋದೆ. ಅಪ್ಪ ಕೆಲಸ ಮುಗಿಸಿ ಕೈಕಾಲಿನ ಮಣ್ಣು ತೊಳೆಯುತ್ತಿದ್ದರು. ಹಿತ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಕೊನೆಗೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಪರೀಕ್ಷೆ ಕಟ್ಟಲು ಫೀ ಎಷ್ಟು ಎಂದು. ಆ ರಾತ್ರಿ ನನಗೆ ನಿದ್ದೆ ಬಂತು.

ಪವಾಡ ಏನೂ ಆಗಿಲ್ಲ. ಮೂರರಲ್ಲಿ ಎರಡು ವಿಷಯ ಪಾಸಾಗಿವೆ. ಮ್ಯಾಥ್ಸ್ ಒಂದು ಉಳಿದಿದೆ, ಈ ಸಲ ಬರೆಯುತ್ತೇನೆ. ಓದಲು ಕುಳಿತಾಗ ಮೊಬೈಲನ್ನು ಅವ್ವನ ಕೈಗೆ ಕೊಡುತ್ತೇನೆ. ಹದಿನೈದು ನಿಮಿಷ ಯಾರು ಬಾಗಿಲಲ್ಲಿ ನಿಂತರೂ ಗೊತ್ತಾಗದ ಮಟ್ಟಕ್ಕೆ ಇನ್ನೂ ಬಂದಿಲ್ಲ, ಐದು ನಿಮಿಷಕ್ಕೆ ಬಂದಿದ್ದೇನೆ.

ನೀವು ಯಾವತ್ತಾದರೂ ಇಂಟರ್‌ವ್ಯೂ ಮುಗಿಸಿ ಬೆಳಗಾವಿ ಬಸ್ ನಿಲ್ದಾಣದಲ್ಲಿ ಒಬ್ಬರೇ ಕುಳಿತಿದ್ದರೆ, ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಕೋಟೆಯ ಕಡೆ ನಡೆದು ಹೋಗಿ. ಮೊದಲು ಬಸದಿಯ ಕಮಲ ನೋಡಿ. ಆಮೇಲೆ ಆ ಮನೆ. ಬರುವಾಗ ಮನೆಯವರಿಗೆ ಸ್ವಲ್ಪ ಕುಂದಾ ತನ್ನಿ. ಹೇಳಬೇಕಾದ್ದು ಏನಾದರೂ ಇದ್ದರೆ ಅದನ್ನು ಕೊಟ್ಟ ಮೇಲೆ ಹೇಳಿ, ಸ್ವಲ್ಪ ಸುಲಭವಾಗುತ್ತದೆ.